ಅಂಚಿನಾಚೆಯ ಕುರ್ಚಿ

ಅವಳು ಮತ್ತೆ ಕೈ ಚಾಚಿದಳು. ಕೈಯಲ್ಲಿ ತೆರೆರೆಯ ಕೊಂಬಿನ ಲೋಟವಿತ್ತು. ಫೋನಿನ ಪರದೆಯ ಬಲ ಅಂಚಿಗೆ ಹೋದ ಕೈ ಮೊಣಕೈವರೆಗೂ ಮಾಯವಾಗಿ, ಸ್ವಲ್ಪ ಹೊತ್ತು ಹಾಗೇ ನಿಂತಿತು. ಅದು ಹಿಂದಕ್ಕೆ ಬಂದದ್ದನ್ನು ಎವಾರಿಸ್ತೊ ನೋಡಲಿಲ್ಲ; ಚಿತ್ರ ತಡವರಿಸಿ, ಒಂದು ಚೂರು ನುಂಗಿಕೊಂಡು ಮುಂದಕ್ಕೆ ಹಾರುವಷ್ಟರಲ್ಲಿ ಲೋಟ ಅವಳ ಮಡಿಲಲ್ಲಿತ್ತು. ಯಾರೋ ಕುಡಿದು ವಾಪಸು ಕೊಟ್ಟಿದ್ದರು. ತೆರೆರೆಯನ್ನು ಒಬ್ಬರೇ ಕುಡಿಯುವವರೂ ಇದ್ದಾರೆ, ಇಲ್ಲವೆಂದಲ್ಲ. ಆದರೆ ಅಂಥವರು ಎರ್ಬಾ ಸೊಪ್ಪಿನ ಮೇಲೆ ತಣ್ಣೀರು ಸುರಿದುಕೊಂಡು ಕೊಳವೆಯಲ್ಲಿ ತಾವೇ ಹೀರುತ್ತಾರೆ, ಪಕ್ಕಕ್ಕೆ ಕೈ ಚಾಚುವುದಿಲ್ಲ. ಕೈ ಚಾಚಿದರೆ ಅಲ್ಲೊಂದು ಬಾಯಿ ಇದೆ ಎಂದರ್ಥ. ಇದು ಅಸುನ್ಸಿಯೋನಿನಲ್ಲಿ ಹಾಲುಗಲ್ಲದ ಮಗುವಿಗೂ ಗೊತ್ತು. ಒದಿಲಿಯಾಳ ಮುಖ ಮಾತ್ರ ಕಾಣುತ್ತಿರಲಿಲ್ಲ. ಅದು ಇರಬೇಕಾದಲ್ಲಿ ಕಂದು ಬಣ್ಣದ ಒಂದೆರಡು ಚೌಕಗಳಿದ್ದವು. ಆ ಚೌಕಗಳು ಅಲುಗುತ್ತಿದ್ದವು. ಅವಳು ಮಾತಾಡುತ್ತಿದ್ದಳು. ತನ್ನೆದುರು ದಿನಕ್ಕೆ ಉಪ್ಪು ಬೇಕೇ, ಸೊಪ್ಪು ಬೇಕೇ ಎನ್ನುವುದಕ್ಕಿಂತ ಹೆಚ್ಚು ಆಡದ ಹೆಂಗಸು ಮಾವಿನ ಮರದ ಕೆಳಗೆ ಕೂತು ಬಿಡುವಿಲ್ಲದೆ ಮಾತಾಡುತ್ತಿದ್ದಳು.

"ಯಜಮಾನ್ರೇ, ನಾನು ಗೋಡೆ ಜೊತೆ ಮಾತಾಡ್ತಿದೀನಾ?"

ಅಂಗಡಿಯ ಕಟ್ಟೆಯಾಚೆ ನಿಂತಿದ್ದ ಹೆಂಗಸಿನ ಕೈಯಲ್ಲಿ ನೆಲದ ಬಿಲ್ಲೆಯೊಂದಿತ್ತು. ಎವಾರಿಸ್ತೊ ಫೋನನ್ನು ತೊಡೆಯ ಮೇಲೆ ಮಗುಚಿಟ್ಟು ಎದ್ದ. ಅವಳು ಕೇಳಿದ್ದು ಬಚ್ಚಲಿಗೆ ಜಾರದ ಬಿಲ್ಲೆ; ಅವನು ತಂದು ತೋರಿಸಿದ್ದು ಪಡಸಾಲೆಗೆ ಹಾಸುವ, ಕನ್ನಡಿಯಂತೆ ಹೊಳೆಯುವ ಬಿಲ್ಲೆ. "ಇದನ್ನ ಹಾಕಿಸಿದ್ರೆ ನಮ್ಮತ್ತೆ ವಾರದೊಳಗೆ ಸ್ವರ್ಗಕ್ಕೆ ಹೋಗ್ತಾರೆ. ಅದೇನೋ ಒಳ್ಳೇದೇ, ಆದ್ರೆ ನನ್ನ ಗಂಡ ಒಪ್ಪಲ್ಲ," ಎಂದಳು ಆಕೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಎವಾರಿಸ್ತೊನೂ ನಗಬೇಕಾಯಿತು, ಆದರೆ ಅವನ ನಗು ಎಲ್ಲರದೂ ಮುಗಿದ ಮೇಲೆ ಬಂದು ಒಂಟಿಯಾಗಿ ಉಳಿಯಿತು. ಲೆಕ್ಕ ಬರೆಯುವ ನಿಮಿಯಾ ಕತ್ತು ಚಾಚಿ, "ಬಿಡಮ್ಮ, ನಮ್ಮ ದೊನ್ ಎವಾರಿಸ್ತೊಗೆ ಈ ವಯಸ್ಸಲ್ಲಿ ಫೋನೊಳಗೆ ಯಾವಳೋ ಸಿಕ್ಕಿದಾಳೆ. ಮಧ್ಯಾಹ್ನ ಆದ್ರೆ ಸಾಕು, ಮನುಷ್ಯ ಇಲ್ಲಿರಲ್ಲ," ಎಂದಳು. ಸಿಕ್ಕಿದ್ದಾಳೆ, ನನ್ನ ಹೆಂಡತಿಯೇ ಸಿಕ್ಕಿದ್ದಾಳೆ ಎಂದು ಹೇಳಿದ್ದರೆ ನಿಮಿಯಾಳ ಬಾಯಿ ಮುಚ್ಚುತ್ತಿತ್ತೋ ಏನೋ. ಆದರೆ ಸ್ವಂತ ಹೆಂಡತಿಯನ್ನು ಕದ್ದು ನೋಡುವ ಗಂಡಸಿಗಿಂತ ಪರಸ್ತ್ರೀಯನ್ನು ಕದ್ದು ನೋಡುವವನಿಗೇ ಊರಿನಲ್ಲಿ ಮರ್ಯಾದೆ ಹೆಚ್ಚು. ಅವನು ಸುಮ್ಮನೆ ಹಲ್ಲು ಕಿರಿದ.

ಕ್ಯಾಮೆರಾ ಬಂದದ್ದು ಕಳ್ಳನಿಗಾಗಿ. ಹಿತ್ತಲಲ್ಲಿಟ್ಟಿದ್ದ ಗ್ಯಾಸ್ ಸಿಲಿಂಡರನ್ನು ಯಾರೋ ಹಾಡಹಗಲೇ, ಊರೆಲ್ಲ ಉಂಡು ಮಲಗಿದ್ದ ಹೊತ್ತಿನಲ್ಲಿ ಎತ್ತಿಕೊಂಡು ಹೋಗಿದ್ದರು. ಕ್ಯಾಮೆರಾ ಕೂರಿಸಲು ಬಂದ ಸಿಪ್ರಿಯಾನೊ ಏಣಿಯ ತುದಿಯಿಂದಲೇ ಪಾಠ ಹೇಳಿದ್ದ. "ನೋಡಿ ದೊನ್ ಎವಾರಿಸ್ತೊ, ಇದು ಒಂದೇ ಸಲಕ್ಕೆ ಎರಡು ಧಾರೆ ಬಿಡುತ್ತೆ. ದಪ್ಪ ಧಾರೆ ಟೀವಿ ಕೆಳಗಿನ ಪೆಟ್ಟಿಗೇಲಿ ಹೋಗಿ ತುಂಬ್ಕೊಳ್ಳುತ್ತೆ. ಅದ್ರಲ್ಲಿ ಇರುವೆ ನಡೆದ್ರೂ ಕಾಣುತ್ತೆ. ಸಣ್ಣ ಧಾರೆ ನಿಮ್ಮ ಫೋನಿಗೆ. ದಪ್ಪದ್ದನ್ನೇ ಫೋನಿಗೆ ಎಳೀತೀನಿ ಅಂತ ಹಟ ಹಿಡಿದ್ರೆ ನಿಮ್ಮನೆ ಇಂಟರ್‌ನೆಟ್ಟಿನ ಸಣಕಲು ಕೊಳವೆ ಸೊಂಟ ಮುರ್ಕೊಂಡು ಕೂರುತ್ತೆ." ಏಣಿ ಹಿಡಿದುಕೊಂಡಿದ್ದ ಒದಿಲಿಯಾ, "ಅಂದ್ರೆ ಮನೇಲಿರೋ ಒದಿಲಿಯಾನೇ ಬೇರೆ, ಇವರು ನೋಡೋ ಒದಿಲಿಯಾನೇ ಬೇರೆ?" ಎಂದಳು. "ಹ್ಞೂಂ ದೋನ್ಯಾ, ಇವರಿಗೆ ಸಿಗೋದು ನೀರು ಬೆರೆಸಿದ್ದು." ಅವಳು ನಕ್ಕಳು. ಆ ನಗುವನ್ನು ಸಿಪ್ರಿಯಾನೊ ಕೆಳಗಿಳಿದು ಪೆಟ್ಟಿಗೆಯಿಂದ ತೆಗೆದು ಟೀವಿಯಲ್ಲಿ ಹಾಕಿ ತೋರಿಸಿದ. ತನ್ನ ನಗು ತನಗೇ ಕೇಳಿಸಿದಾಗ ಒದಿಲಿಯಾ ಕೆನ್ನೆಗೆ ಕೈ ಹಚ್ಚಿ, "ಅಯ್ಯೋ, ಇದಕ್ಕೆ ಕಿವೀನೂ ಇದೆಯಾ!" ಎಂದಳು. ಹೆಂಡತಿ ಹಾಗೆ ಬಾಯಿ ತೆರೆದು ನಕ್ಕದ್ದನ್ನು ಎವಾರಿಸ್ತೊ ಕೇಳಿ ಎಷ್ಟು ಕಾಲವಾಗಿತ್ತೋ. ನಗಿಸಿದವನು ಇನ್ನೊಬ್ಬ ಎನ್ನುವುದೊಂದು ಮುಳ್ಳು ಅವತ್ತೇ ಎಲ್ಲೋ ನೆಟ್ಟಿತ್ತು.

ಮೊದಮೊದಲು ಅಂಗಡಿಯಲ್ಲಿ ಕೂತು ನೋಡಿದರೆ ಚಿತ್ರ ಮೇಲಿಂದ ಮೇಲೆ ನಿಂತುಹೋಗುತ್ತಿತ್ತು. ಒದಿಲಿಯಾ ಬಟ್ಟೆ ಹಿಂಡಲು ಬಗ್ಗಿದವಳು ಬಗ್ಗಿದಂತೆಯೇ ಇರುತ್ತಿದ್ದಳು. ಸಿಪ್ರಿಯಾನೊನನ್ನು ಕೇಳಿದ್ದಕ್ಕೆ ಅವನು ಫೋನಿನಲ್ಲೇ ದಾರಿ ಹೇಳಿದ: ಸಣ್ಣ ಧಾರೆಯನ್ನು ಇನ್ನೂ ಸಣ್ಣ ಮಾಡಿ, ಸದ್ದು ತೆಗೆದುಹಾಕಿ, ಅಗಲ ಚಿತ್ರವನ್ನು ಚೌಕ ಮಾಡಿ, ಎರಡು ಬದಿಯೂ ಸ್ವಲ್ಪ ಕತ್ತರಿಸಿಹೋಗುತ್ತದೆ, ಆದರೆ ಓಡುತ್ತದೆ. ಎವಾರಿಸ್ತೊ ಹಾಗೇ ಮಾಡಿದ. ನೋಡುವುದು ಮುಖ್ಯವಾಗಿತ್ತು, ಕೇಳುವುದಲ್ಲ. ಕಳ್ಳ ಬಂದು ಭಾಷಣ ಮಾಡುತ್ತಾನೆಯೇ? ಒದಿಲಿಯಾಗೆ ಇದನ್ನೆಲ್ಲ ಹೇಳಬೇಕೆಂದು ಅವನಿಗೆ ಹೊಳೆಯಲಿಲ್ಲ. ಬಲಬದಿಯಲ್ಲಿ ಕತ್ತರಿಸಿಹೋದದ್ದು ಮಾವಿನ ಮರದ ಬುಡದ ನೆರಳು ಮತ್ತು ಅಲ್ಲಿ ಸದಾ ಇರುವ ಎರಡನೆಯ ಕುರ್ಚಿ. ಕ್ಯಾಮೆರಾದ ಕಣ್ಣು ಎಲ್ಲಿಗೆ ಮುಗಿಯುತ್ತದೆ ಎಂದು ಭೂಮಿಯ ಮೇಲೆ ಬಲ್ಲವರು ಇಬ್ಬರೇ, ಒಬ್ಬ ತಾನು, ಇನ್ನೊಬ್ಬ ಸಿಪ್ರಿಯಾನೊ. ಈ ವಿಚಾರ ತಲೆಗೆ ಹೊಕ್ಕ ದಿನ ಎವಾರಿಸ್ತೊ ಮಧ್ಯಾಹ್ನದ ಊಟವನ್ನು ಅರ್ಧಕ್ಕೇ ಬಿಟ್ಟು ಎದ್ದ. ಅಂಚಿನಾಚೆ ಕೂತವನು ಅಂಚು ಗೊತ್ತಿದ್ದೇ ಕೂತಿರಬೇಕಲ್ಲವೇ?

ದಪ್ಪ ಧಾರೆ ಮನೆಯಲ್ಲೇ ಇತ್ತು. ಒಂದು ಗುಂಡಿ ಒತ್ತಿದರೆ ಕುರ್ಚಿಯಲ್ಲಿ ಯಾರಿದ್ದಾರೆ ಎನ್ನುವುದು ಬಿಸಿಲಿನಷ್ಟು ಸ್ಪಷ್ಟ. ಅದನ್ನು ಅವನು ಒಮ್ಮೆಯೂ ಒತ್ತಲಿಲ್ಲ. ಟೀವಿ ನಡುಮನೆಯಲ್ಲಿದೆ, ಅವಳು ಯಾವಾಗಲೂ ಮನೆಯಲ್ಲಿರುತ್ತಾಳೆ, ಅವಳ ಕಣ್ಣೆದುರು ಹೇಗೆ ನೋಡುವುದು ಎಂದು ತನಗೆ ತಾನೇ ಹೇಳಿಕೊಂಡ. ಅದು ಅರ್ಧ ನಿಜ. ಉಳಿದರ್ಧವೆಂದರೆ ಆ ಚೌಕಗಳ ಮಬ್ಬಿನಲ್ಲಿ ಅವನಿಗೊಂದು ಕೆಲಸ ಸಿಕ್ಕಿತ್ತು. ದಿನವೂ ಒಂದಿಷ್ಟು ನೋಡಿ, ಮಿಕ್ಕದ್ದನ್ನು ರಾತ್ರಿಯೆಲ್ಲ ತಾನೇ ತುಂಬಿಕೊಳ್ಳಬಹುದಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಎವಾರಿಸ್ತೊಗೆ ತನ್ನ ಕಣ್ಣು ಹಳದಿಯಾಗಿದೆ ಎಂದು ಗೊತ್ತಿತ್ತು, ಗೊತ್ತಿದ್ದೂ ಅದನ್ನು ತೊಳೆದುಕೊಳ್ಳಲು ಮನಸ್ಸಿರಲಿಲ್ಲ. ಒಂದು ಸಂಜೆ ಊಟಕ್ಕೆ ಕೂತಾಗ ಬಾಯಿ ಜಾರಿ, "ಇವತ್ತು ಆ ಕೆಂಪು ರವಿಕೆ ಯಾಕೆ ಹಾಕ್ಕೊಂಡಿದ್ದೆ?" ಎಂದುಬಿಟ್ಟಿದ್ದ. ಅವಳು ಅದನ್ನು ಮಧ್ಯಾಹ್ನವೇ ಬದಲಾಯಿಸಿದ್ದಳು. ಅವಳ ಚಮಚ ತಟ್ಟೆಯ ಮೇಲೆ ನಿಂತಿತು. ಸಿಟ್ಟಾಗುತ್ತಾಳೆ ಎಂದುಕೊಂಡ. ಅವಳು ಅವನ ಮುಖವನ್ನೇ ನೋಡಿ, "ಹಾಗಾದ್ರೆ ನೋಡ್ತೀಯ," ಎಂದಳು, ಅಷ್ಟೇ. ಕೈ ಚಾಚುವುದು ಶುರುವಾದದ್ದು ಅದರ ಮರುದಿನದಿಂದ. ತಾನು ನೋಡುತ್ತೇನೆಂದು ತಿಳಿದೂ ಇಷ್ಟು ಧೈರ್ಯವೇ ಎಂದು ಅವನ ಮೈ ಉರಿಯಿತು.

ಅವತ್ತು ಬಿಲ್ಲೆ ಕೊಳ್ಳಲು ಬಂದಿದ್ದವಳು ಹೋದ ಮೇಲೆ ಅವನು ಗೋದಾಮಿನ ಹಿಂದೆ ಹೋಗಿ ಸಿಪ್ರಿಯಾನೊಗೆ ಫೋನು ಮಾಡಿದ.

"ಎಲ್ಲಿದೀಯಪ್ಪ?"

"ಎಲ್ಲಿರ್ತೀನಿ ಯಜಮಾನ್ರೇ, ಏಣಿ ಮೇಲೆ. ನನ್ನ ಹೆಂಡ್ತಿ ಹೇಳೋ ಹಾಗೆ, ನಾನು ಸ್ವರ್ಗಕ್ಕೆ ಹತ್ತಿರ ಇರೋದು ಹೀಗೊಂದೇ."

"ಯಾರ ಮನೆಯ ಏಣಿ?"

"ಇದೇನು ಪೊಲೀಸ್ ಕೇಳ್ದಂಗೆ ಕೇಳ್ತೀರ! ಲುಕೆ ಕಡೆ ಇದೀನಿ, ಹಲ್ಲಿನ ಡಾಕ್ಟರ ಮನೆ. ಯಾಕೆ, ಚಿತ್ರ ನಿಂತುಹೋಯ್ತಾ?"

"ಬಲಗಡೆ ಏನೋ ಕಾಣಲ್ಲ."

"ಕಾಣಲ್ಲ, ಕತ್ತರಿಸಿದ್ದೀವಲ್ಲ. ಮನೆಗೆ ಹೋಗಿ ಪೆಟ್ಟಿಗೇಲಿ ನೋಡಿ, ಅಂಚೂ ಇರುತ್ತೆ, ಸದ್ದೂ ಇರುತ್ತೆ. ಆದ್ರೆ ಬೇಗ ನೋಡಿ, ಪೆಟ್ಟಿಗೆ ತುಂಬಿದ ಹಾಗೆ ಹಳೇದು ತಾನೇ ಅಳಿಸ್ಕೊಂಡು ಹೋಗುತ್ತೆ. ದೋನ್ಯಾ ಒದಿಲಿಯಾ ಚೆನ್ನಾಗಿದಾರಾ?"

ಆ ಕೊನೆಯ ಪ್ರಶ್ನೆ ಬೇಕಿತ್ತೇ? ಎವಾರಿಸ್ತೊ ಫೋನು ಇಟ್ಟ. ಅತ್ತ ಕಡೆ ಯಾವುದೋ ನಾಯಿ ಬೊಗಳಿದ್ದು ಕೇಳಿಸಿತ್ತು. ತನ್ನ ಮನೆಯ ಪಕ್ಕದಲ್ಲೂ ಒಂದು ನಾಯಿ ಇದೆ. ನಾಯಿ ಎಲ್ಲ ಕಡೆಯೂ ಇರುತ್ತದೆ ಎಂದು ಬುದ್ಧಿ ಹೇಳಿತು; ಎಲ್ಲ ನಾಯಿಯೂ ಒಂದೇ ಥರ ಬೊಗಳುವುದಿಲ್ಲ ಎಂದು ಇನ್ನೊಂದು ಮನಸ್ಸು ಹೇಳಿತು. ಇವತ್ತು ಅವನನ್ನು ಹಿಡಿದೇ ತೀರಬೇಕು. ಹಲ್ಲುನೋವು ಎಂದು ನಿಮಿಯಾಗೆ ಹೇಳಿ ಹೊರಟ. "ಹಲ್ಲೋ ಹೃದಯವೋ?" ಎಂದು ಅವಳು ಹಿಂದಿನಿಂದ ಕೂಗಿದಳು.

ಬಸ್ಸಿನಲ್ಲಿ ಜನ ಕಡಿಮೆ. ಬಿಸಿಲಿಗೆ ಕಾದ ಸೀಟು ಪ್ಯಾಂಟಿನೊಳಗಿಂದ ಸುಡುತ್ತಿತ್ತು. ಡ್ರೈವರನೂ ಒಂದು ಕೈಯಲ್ಲಿ ಚಕ್ರ, ಇನ್ನೊಂದರಲ್ಲಿ ತೆರೆರೆ ಹಿಡಿದಿದ್ದ. ನಡುನಡುವೆ ಮುಂದಿನ ಸೀಟಿನ ಮುದುಕನಿಗೆ ತುಂಬಿಸಿ ಕೊಡುತ್ತಿದ್ದ. ಮುದುಕ ಎರಡು ಸಲ ಹೀರಿ, ಲೋಟ ಹಿಂತಿರುಗಿಸಿ, "ಗ್ರಾಸಿಯಾಸ್," ಎಂದ. ಆಮೇಲೆ ಡ್ರೈವರ್ ಅವನಿಗೆ ಕೊಡಲಿಲ್ಲ. ಸಾಕಾಯಿತು ಎನ್ನುವಾಗ ಮಾತ್ರ ಹೇಳುವ ಉಪಕಾರದ ಮಾತು ಅದು. ಅದನ್ನು ಹೇಳುವವರೆಗೆ ಸುರಿಯುವವರು ಸುರಿಯುತ್ತಲೇ ಇರಬೇಕು. ಮದುವೆಗೆ ಮೊದಲು ಒದಿಲಿಯಾಳನ್ನು ನೋಡಲು ಹೋಗುತ್ತಿದ್ದ ದಿನಗಳಲ್ಲಿ ಎವಾರಿಸ್ತೊ ಆ ಮಾತನ್ನು ಹೇಳುತ್ತಲೇ ಇರಲಿಲ್ಲ. ಹೇಳಿದರೆ ಎದ್ದು ಹೋಗಬೇಕಾಗುತ್ತದೆ. ಹೂಜಿ ಖಾಲಿಯಾಗುತ್ತಿತ್ತು, ಅವಳು ಒಳಗೆ ಹೋಗಿ ಐಸು ಹಾಕಿ ಮತ್ತೆ ತುಂಬಿಸಿ ತರುತ್ತಿದ್ದಳು, ಸೊಪ್ಪು ಸಪ್ಪೆಯಾಗಿ ಬರೀ ನೀರು ಕುಡಿದಂತಾಗುತ್ತಿತ್ತು, ಅವನು ಮಾತ್ರ ಮತ್ತೆ ಕೈ ನೀಡುತ್ತಿದ್ದ. ಅವಳ ತಾಯಿ ಬಾಗಿಲಲ್ಲಿ ನಿಂತು, "ಇವನದೇನು ಹೊಟ್ಟೆಯೋ, ಬಾವಿಯೋ?" ಎಂದಿದ್ದರು. ಆಗ ಒದಿಲಿಯಾ ಮುಖ ತಗ್ಗಿಸಿ ನಕ್ಕದ್ದನ್ನು ಯಾವ ಕ್ಯಾಮೆರಾವೂ ಹಿಡಿದಿರಲಿಲ್ಲ, ಆದರೂ ಅವನ ಮನಸ್ಸಿನಲ್ಲಿ ಅದು ಒಂದು ಚೂರೂ ಮಸುಕಾಗಿರಲಿಲ್ಲ. ಈಗ ಅದೇ ಕೈ ಇನ್ನೊಬ್ಬನಿಗೆ ಕೊಡುತ್ತಿದೆ. ಅವನೂ ಗ್ರಾಸಿಯಾಸ್ ಎನ್ನದೆ ಕೂತಿದ್ದಾನೆ. ಎವಾರಿಸ್ತೊಗೆ ಅಳು ಬಂತು. ಬಸ್ಸಿನ ಕಿಟಕಿಗೆ ಮುಖ ತಿರುಗಿಸಿಕೊಂಡ.

ಬೀದಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ತನ್ನ ಮನೆಯ ಗೇಟನ್ನು ತಾನೇ ಸದ್ದಾಗದಂತೆ ಎತ್ತಿ ತೆಗೆದ. ಗೋಡೆಗೆ ಮೈ ಒತ್ತಿಕೊಂಡು ಪಕ್ಕದ ಓಣಿಯಲ್ಲಿ ಹಿತ್ತಲ ಕಡೆ ನಡೆಯುವಾಗ, ಸಿಲಿಂಡರು ಕದ್ದವನೂ ಇಲ್ಲೇ ಹೀಗೇ ನಡೆದಿರಬೇಕು ಎನಿಸಿತು. ಕೈಯಲ್ಲಿ ಫೋನು. ಪರದೆಯಲ್ಲಿ ಒದಿಲಿಯಾ ಹೂಜಿಯಿಂದ ನೀರು ಸುರಿಯುತ್ತಿದ್ದಳು. ಅಂಚಿಗೆ ಕೈ ಚಾಚಿದಳು. ಇದ್ದಾನೆ. ಓಣಿ ಮುಗಿದು ಹಿತ್ತಲಿಗೆ ಕಾಲಿಟ್ಟರೂ ಅವನ ಕಣ್ಣು ಪರದೆಯಿಂದ ಏಳಲಿಲ್ಲ, ಅಷ್ಟು ಅಭ್ಯಾಸವಾಗಿತ್ತು. ಆಗ ಪರದೆಯ ಎಡಬದಿಯಿಂದ ಒಬ್ಬ ಗಂಡಸು ಒಳಬಂದ. ಬೋಳಾಗುತ್ತಿರುವ ತಲೆ, ಬಗ್ಗಿದ ಬೆನ್ನು, ಕಳ್ಳನ ಹೆಜ್ಜೆ. ಸಿಕ್ಕಿದ! ಆ ಗಂಡಸಿನ ಕೈಯಲ್ಲೂ ಏನೋ ಹೊಳೆಯುತ್ತಿತ್ತು, ಅವನೂ ತಲೆ ತಗ್ಗಿಸಿ ಅದನ್ನೇ ನೋಡುತ್ತಿದ್ದ. ಸಣ್ಣ ಧಾರೆ ಯಾವಾಗಲೂ ಸ್ವಲ್ಪ ತಡವಾಗಿ ಬರುತ್ತದೆ ಎಂದು ನೆನಪಾಗಿ, ಆ ಗಂಡಸು ತಾನೇ ಎಂದು ಹೊಳೆಯಲು ಒಂದು ಗಳಿಗೆ ಹಿಡಿಯಿತು. ತಲೆಯೆತ್ತಿದ. ಮಾವಿನ ಮರದ ಕೆಳಗಿನ ಎರಡನೆಯ ಕುರ್ಚಿಯ ಮೇಲೆ ಅವನದೇ ಹಳೆಯ ಹುಲ್ಲಿನ ಟೋಪಿ ಇತ್ತು. ಬೇರೆ ಯಾರೂ ಇರಲಿಲ್ಲ.

ಒದಿಲಿಯಾ ಲೋಟ ಹಿಡಿದ ಕೈಯನ್ನು ಹಾಗೇ ಚಾಚಿಕೊಂಡು ಅವನನ್ನು ನೋಡುತ್ತಿದ್ದಳು.

"ಬಂದೆಯಾ," ಎಂದಳು. "ಬರಲ್ಲ ಅಂದ್ಕೊಂಡಿದ್ದೆ ಕಣೋ. ಬೆಳಿಗ್ಗೆಯಿಂದ ಬರಲ್ಲ, ಬರಲ್ಲ ಅಂತ ನನಗೆ ನಾನೇ ಹೇಳ್ಕೊತಿದ್ದೆ."

ಅವನು ಫೋನನ್ನು ಜೇಬಿಗೆ ತುರುಕಿದ. ಅವಳು ಟೋಪಿ ಎತ್ತಿ ಕುರ್ಚಿ ಒರೆಸಿದಳು. "ಕೂತ್ಕೋ. ಮೊದಲ ಲೋಟ ವಾಡಿಕೆಯಂತೆ ಸಂತ ತೋಮಾಸನ ಹೆಸರಲ್ಲಿ ಬಿಟ್ಟದ್ದಾಯ್ತು, ಸೊಪ್ಪು ನೆನೆದಿದೆ. ಇದು ನಿನ್ನದು. ದಿನಾ ಎರಡನೇದು ನಿನ್ನದೇ."

ಅವನು ಕೂತು ಹೀರಿದ. ಪುದೀನ ಜಜ್ಜಿ ಹಾಕಿದ ತಣ್ಣೀರು ಎದೆಯೊಳಗೆ ಇಳಿಯಿತು. ಅವಳನ್ನು ಇಷ್ಟು ಹತ್ತಿರದಿಂದ, ಹಗಲು ಬೆಳಕಿನಲ್ಲಿ ನೋಡಿ ಕಾಲವಾಗಿತ್ತು. ಕಣ್ಣಿನ ಕೆಳಗೆ ಸಣ್ಣ ಗೆರೆಗಳು ಬಂದಿದ್ದವು, ಒಂದು ಹುಬ್ಬಿನಲ್ಲಿ ಬಿಳಿ ಕೂದಲು. ಅವನಿಗೆ ನಾಚಿಕೆಯಾಯಿತು, ಅದರ ಜೊತೆಗೇ ಹೇಳಲಾರದಷ್ಟು ಸಂತೋಷವೂ ಆಯಿತು. ಯಾರೂ ಇರಲಿಲ್ಲ! ಒಂದು ಟೋಪಿಯನ್ನು ನೋಡಿ ಇಷ್ಟು ದಿನ ಬೆಂದೆನಲ್ಲ. ಇನ್ನು ಮುಂದೆ ಎಲ್ಲ ಸರಿಹೋಗುತ್ತದೆ, ನಾಳೆಯೇ ಆ ಸುಡುಗಾಡು ಕ್ಯಾಮೆರಾ ಕೀಳಿಸುತ್ತೇನೆ ಎಂದುಕೊಂಡ.

"ಅಂದ್ರೆ ನಿನ್ನೆ ನಾನು ಹೇಳಿದ್ದಕ್ಕೆ ನಿನ್ನ ಒಪ್ಪಿಗೆ ಇದೆ?" ಒದಿಲಿಯಾ ಕೇಳಿದಳು. "ಬಂದಿದ್ದೀಯ ಅಂದ್ರೆ ಇದೆ ಅಂತ್ಲೇ ಅರ್ಥ. ಆದ್ರೂ ಬಾಯಿಬಿಟ್ಟು ಹೇಳು. ಒಂದ್ಸಲ ನಿನ್ನ ಬಾಯಿಂದ ಕೇಳಬೇಕು ನನಗೆ."

ನಿನ್ನೆ ಅವಳು ಅವನಿಗೆ ಏನೂ ಹೇಳಿರಲಿಲ್ಲ. ನಿನ್ನೆ ಮಧ್ಯಾಹ್ನ ಕಂದು ಚೌಕಗಳು ತುಂಬ ಹೊತ್ತು ಅಲುಗಿದ್ದು ಮಾತ್ರ ನೆನಪಿತ್ತು. ಏನು ಎಂದು ಕೇಳಿದರೆ, ನೀನು ಕೇಳಿಸಿಕೊಂಡಿಲ್ಲವೇ ಎನ್ನುತ್ತಾಳೆ. ಕೇಳಿಸಿಕೊಂಡಿಲ್ಲ ಎಂದರೆ, ಮತ್ತೆ ಕೆಲಸ ಬಿಟ್ಟು ಬಂದದ್ದೇಕೆ ಎನ್ನುತ್ತಾಳೆ. ಅವಳ ಮುಖದಲ್ಲಿ ಎಂಥ ಬೆಳಕಿತ್ತೆಂದರೆ, ಆ ಪ್ರಶ್ನೆಯನ್ನು ತಂದು ಅದನ್ನು ಆರಿಸುವ ಧೈರ್ಯ ಅವನಿಗಾಗಲಿಲ್ಲ. ಏನಿದ್ದೀತು? ಅಡುಗೆಮನೆಗೆ ಬಣ್ಣವೋ, ಹೊಸ ಹೊಲಿಗೆ ಯಂತ್ರವೋ, ಕಾಕುಪೆಯ ಮಾತೆಗೆ ಹೊತ್ತ ಹರಕೆಯೋ. ಇವತ್ತು ಅವಳು ಚಂದ್ರನನ್ನು ಕೇಳಿದರೂ ಕೊಡಬಹುದಿತ್ತು.

"ಒಪ್ಪಿಗೆ," ಎಂದ.

ಅವಳು ಅವನ ಎರಡೂ ಕೈಗಳನ್ನು ಹಿಡಿದು ತನ್ನ ಕಣ್ಣಿಗೆ ಒತ್ತಿಕೊಂಡಳು. ಕೈ ಒದ್ದೆಯಾಯಿತು. "ನಿನಗಿಷ್ಟು ದೊಡ್ಡ ಮನಸ್ಸಿದೆ ಅಂತ ಗೊತ್ತಿದ್ರೆ ನಾನು ಇಷ್ಟು ದಿನ ಒದ್ದಾಡ್ತಾನೇ ಇರಲಿಲ್ಲ," ಎಂದು ಎದ್ದು ಒಳಗೆ ಹೋದಳು. ಮಲಗುವ ಕೋಣೆಯ ಬಾಗಿಲು ತೆರೆದ ಸದ್ದಾಯಿತು.

ತಾನು ಒಪ್ಪಿದ್ದು ಏನನ್ನೆಂದು ತಿಳಿಯಲು ಎವಾರಿಸ್ತೊ ಮೆಲ್ಲಗೆ ನಡುಮನೆಗೆ ಹೋದ. ಪೆಟ್ಟಿಗೆಯ ಗುಂಡಿ ಒತ್ತಿದ. ನಿನ್ನೆಯ ಮಧ್ಯಾಹ್ನ ಟೀವಿಯ ತುಂಬ ಬಂತು. ಮಾವಿನ ಎಲೆಗಳು ಒಂದೊಂದೂ ಬಿಡಿಬಿಡಿಯಾಗಿ ಕಂಡವು. ಕುರ್ಚಿ, ಕುರ್ಚಿಯ ಮೇಲಿನ ಟೋಪಿ, ಟೋಪಿಯ ಹರಿದ ಅಂಚು. ಒದಿಲಿಯಾ ಲೋಟವನ್ನು ಟೋಪಿಯ ಕಡೆ ಚಾಚಿ, ಕಾದು, ಆಮೇಲೆ ಮರದ ಬುಡಕ್ಕೆ ಸುರಿದಳು. ಕ್ಯಾಮೆರಾದ ಕಡೆ ಮುಖವೆತ್ತಿದಳು. ಆ ಮುಖ ನೇರವಾಗಿ ಅವನನ್ನೇ ನೋಡಿತು. ಅವನು ಸದ್ದನ್ನು ಸಣ್ಣದಾಗಿ ಇಟ್ಟು ಟೀವಿಗೆ ಕಿವಿ ಹಚ್ಚಿದ.

"ಎವಾರಿಸ್ತೊ, ಇಷ್ಟು ದಿನ ಎಲ್ಲಾ ಹೇಳಿದೀನಿ. ನೀನು ಕೇಳ್ತೀಯ, ಸಂಜೆ ಬಂದು ಸುಮ್ಮನೆ ಉಂಡು ಮಲಗ್ತೀಯ. ಎದುರಿಗೆ ಕೂತಾಗ ನನ್ನ ಮುಖಾನೇ ನೋಡದೋನು ದೂರದಿಂದ ಮಾತ್ರ ನೋಡ್ತೀಯ. ಅದಕ್ಕೇ ನಿನ್ನ ದೂರದ ಕಣ್ಣಿಗೇ ಹೇಳ್ತಿದೀನಿ. ನಮ್ಮಕ್ಕ ಎನ್‌ಕರ್ನಾಸಿಯೋನಿಗೆ ಬಾ ಅಂತಿದಾಳೆ, ಹೊಲಿಗೆ ಅಂಗಡಿ ಇಬ್ರೂ ನೋಡ್ಕೊಳ್ಳೋಣ ಅಂತ. ಒಂದ್ಸಲ ಹೋದ್ರೆ ನಾನು ವಾಪಸು ಬರಲ್ಲ. ನಿನ್ನ ಮೇಲೆ ಕೋಪ ಇಲ್ಲ, ಸುಸ್ತಾಗಿದೆ, ಅಷ್ಟೇ. ನೀನು ಹೋಗು ಅಂದ್ರೆ ಹೋಗ್ತೀನಿ. ಹಾಗಿದ್ರೆ ನಾಳೆ ಮಧ್ಯಾಹ್ನ ಬಂದು ಈ ಕುರ್ಚೀಲಿ ಕೂತು ನನ್ನ ಜೊತೆ ತೆರೆರೆ ಕುಡಿ. ಮನುಷ್ಯರ ಥರ ಬೇರೆಯಾಗೋಣ. ನೀನು ಬರಲಿಲ್ಲ ಅಂದ್ರೆ, ಇವನಿಗೆ ನನ್ನ ಕಳಿಸೋಕೆ ಮನಸ್ಸಿಲ್ಲ, ಬಾಯಲ್ಲಿ ಹೇಳೋಕೆ ಬರಲ್ಲ ಅಂದ್ಕೊತೀನಿ. ಇಲ್ಲೇ ಇದ್ದುಬಿಡ್ತೀನಿ. ಈ ಮಾತು ಮತ್ತೆ ಎತ್ತಲ್ಲ."

ಆಮೇಲೆ ಅವಳು ಲೋಟ ತೊಳೆದು ಒಳಗೆ ಹೋದಳು. ಟೀವಿಯಲ್ಲಿ ಖಾಲಿ ಹಿತ್ತಲು, ಒಂದು ಗುಬ್ಬಿ. ಅದಕ್ಕಿಂತ ಹಿಂದಿನ ದಿನಗಳಲ್ಲಿ ಅವಳು ಹೇಳಿದ "ಎಲ್ಲಾ" ಏನೆಂದು ಹುಡುಕಿದ. ಕೆಲವಷ್ಟೇ ಉಳಿದಿದ್ದವು, ಮಿಕ್ಕದ್ದನ್ನು ಪೆಟ್ಟಿಗೆ ಅಳಿಸಿಕೊಂಡಿತ್ತು. ಇವತ್ತು ಒಂದು ದಿನ ಅಂಗಡಿಯಲ್ಲಿ ಕೂತು ಬಿಲ್ಲೆ ಮಾರಿದ್ದರೆ ಸಾಕಿತ್ತು, ಅವಳು ಇದ್ದುಬಿಡುತ್ತಿದ್ದಳು. ಒಳಗೆ ಬೀರುವಿನ ಮೇಲಿಂದ ಪೆಟಾರಿ ಎಳೆದ ಸದ್ದು ಬಂತು. ಅವನು ಟೀವಿ ಆರಿಸಿ, ಹಿತ್ತಲಿಗೆ ಬಂದು ಕುರ್ಚಿಯಲ್ಲಿ ಕೂತ. ಅವಳು ಕಣ್ಣು ಒರೆಸಿಕೊಂಡು ಬಂದು, ಎದುರು ಕೂತು, ಲೋಟ ತುಂಬಿಸಿ ಕೊಟ್ಟಳು. ಅವನು ಹೀರಿ ಹಿಂತಿರುಗಿಸಿದ. ಮತ್ತೆ ಕೊಟ್ಟಳು. ಮತ್ತೆ ಹೀರಿದ. ಹೂಜಿ ಖಾಲಿಯಾಯಿತು. ಅವನು ಕೈ ನೀಡಿಕೊಂಡೇ ಇದ್ದ. ಅವಳು ಹೋಗಿ ಹೂಜಿ ಮತ್ತೆ ತುಂಬಿಸಿಕೊಂಡು ಬಂದು ಲೋಟ ಕೊಟ್ಟಳು.

"ಸಪ್ಪೆಯಾಗಿದೆ ಕಣೋ, ಇನ್ನೂ ಬೇಕಾ?" ಎಂದು ನಕ್ಕಳು. "ನಮ್ಮಮ್ಮ ಇದ್ದಿದ್ರೆ ಹೊಟ್ಟೆಯೋ ಬಾವಿಯೋ ಅಂತಿದ್ರು."

"ಒದಿಲಿಯಾ," ಎಂದ. "ನನಗೆ ಏನೂ ಕೇಳಿಸಿರಲಿಲ್ಲ. ಫೋನಿಗೆ ಸದ್ದು ಬರಲ್ಲ. ನಾನೇ ತೆಗೆದುಹಾಕಿದ್ದೆ."

ಅವಳ ನಗು ಮೆಲ್ಲಗೆ ನಿಂತಿತು. ಎಷ್ಟೋ ದಿನದ ಮಾತುಗಳು ಒಂದೊಂದಾಗಿ ನೆಲಕ್ಕೆ ಬಿದ್ದದ್ದನ್ನು ಅವಳ ಕಣ್ಣು ನೋಡಿತು. ಆಮೇಲೆ ಅವಳು ಅವನ ಕಡೆ ತಿರುಗಿದಳು.

"ಹಾಗಿದ್ರೆ ಇವತ್ತು ಯಾಕೆ ಬಂದೆ?"

ಅವನ ಬಳಿ ಇದ್ದದ್ದು ಒಂದೇ ಉತ್ತರ: ಕುರ್ಚಿಯಲ್ಲಿ ಇನ್ನೊಬ್ಬನನ್ನು ಹಿಡಿಯಲು ಬಂದೆ. ಅದನ್ನು ಹೇಳಿದರೆ ಅವಳು ಹೋಗುವುದು ತಪ್ಪುವುದಿಲ್ಲ. ಅವನ ಕೈಯನ್ನು ಕಣ್ಣಿಗೆ ಒತ್ತಿಕೊಂಡ ಆ ಒಂದು ಗಳಿಗೆಯ ನೆನಪೂ ಅವಳ ಪಾಲಿಗೆ ಸುಳ್ಳಾಗುತ್ತದೆ. ಅವಳು ಕಾಯುತ್ತಿದ್ದಳು. ಮರದಾಚೆ ಕ್ಯಾಮೆರಾದ ಕೆಂಪು ಚುಕ್ಕೆ ಉರಿಯುತ್ತಿತ್ತು, ದಪ್ಪ ಧಾರೆ ಪೆಟ್ಟಿಗೆಗೆ ಹರಿಯುತ್ತಿತ್ತು. ಎವಾರಿಸ್ತೊ ಕೊಳವೆಗೆ ಬಾಯಿ ಹಚ್ಚಿ, ತಳದಲ್ಲಿ ಬರೀ ಗಾಳಿ ಸದ್ದು ಮಾಡುವವರೆಗೂ ಹೀರಿದ. ಲೋಟವನ್ನು ಅವಳ ಕೈಗೆ ಕೊಟ್ಟ.

"ಗ್ರಾಸಿಯಾಸ್," ಎಂದ.